ವ್ಯಾಪಾರಿಯ ಧೈರ್ಯ ಅಳೆಯುವುದು ಹೇಗೆ?

ವ್ಯಾಪಾರಿಯ ಧೈರ್ಯಕ್ಕೂ ವ್ಯಾಪಾರಕ್ಕೂ ನಂಟಿದೆಯಾ ಅಂತ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಪ್ರಶ್ನೆಪಟ್ಟಿ ಹಿಡಿದು ಸುತ್ತಿದವಳು ನಾನು. ಧೈರ್ಯವನ್ನು ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ ಅಲ್ವಾ? ಅದಕ್ಕೇ ಸ್ಟ್ರಕ್ಚರಲ್ ಈಕ್ವೇಶನ್ ಮಾಡೆಲಿಂಗ್: ನೇರವಾಗಿ ಅಳೆಯಲಾಗದ ಗುಣಗಳನ್ನು ಪ್ರಶ್ನೆಗಳ ಉತ್ತರದಿಂದ ಅಳೆದು, ಅವುಗಳ ನಡುವಿನ ನಂಟು ನೋಡುವ ಅಂಕಿಅಂಶದ ವಿಧಾನ. ಒಂದೊಂದು ಗುಣಕ್ಕೂ ಮೂರ್ನಾಲ್ಕು ಪ್ರಶ್ನೆ ಇಡಿ, 1ರಿಂದ 5ರ ಅಂಕದಲ್ಲಿ. ಲಾಭ ಎಷ್ಟು ಅಂತ ನೇರ ಕೇಳಬೇಡಿ. ನನಗೆ ಚಹಾ ಸಿಕ್ಕಿತು, ಉತ್ತರ ಸಿಗಲಿಲ್ಲ. "ಹೋದ ವರ್ಷಕ್ಕಿಂತ ಹೇಗಿದೆ?" ಅನ್ನಿ. 200 ಜನರಾದರೂ ಇರಲಿ.

ಲೆಕ್ಕಕ್ಕೆ ಆರ್ ಎಂಬ ಅಂಕಿಅಂಶದ ಸಾಫ್ಟ್‌ವೇರ್‌ನ ಲಾವಾನ್ ಪ್ಯಾಕೇಜ್ ಪುಕ್ಕಟೆ. ಮೊದಲು ಅಳತೆಯ ಮಾಡೆಲ್ ಮಾತ್ರ ಓಡಿಸಿ, ಅಂದರೆ ಪ್ರಶ್ನೆಗಳು ತಮ್ಮ ಗುಣವನ್ನು ಸರಿಯಾಗಿ ಅಳೆಯುತ್ತವಾ ಅಂತ ನೋಡಿ. ನನ್ನ ಒಂದು ಪ್ರಶ್ನೆಯ ಲೋಡಿಂಗ್ (ಪ್ರಶ್ನೆಗೂ ಗುಣಕ್ಕೂ ಇರುವ ನಂಟಿನ ಅಳತೆ) ಮೈನಸ್ ಬಂತು. "ಸಾಲ ಅಂದರೆ ಭಯ" ಅನ್ನುವ ಉಲ್ಟಾ ಪ್ರಶ್ನೆ, ಅಂಕ ತಿರುಗಿಸಲು ಮರೆತಿದ್ದೆ! ಆ ಪ್ರಶ್ನೆಯ ಪ್ರತಿ ಅಂಕವನ್ನು 6ರಿಂದ ಕಳೆದ ಮೇಲೆ ಸರಿಹೋಯಿತು. ಮಾಡೆಲ್ ಉತ್ತರಗಳಿಗೆ ಎಷ್ಟು ಹೊಂದುತ್ತದೆ ಅಂತ ಹೇಳುವ ಎರಡು ಅಂಕಿ ನೋಡಿ: ಸಿಎಫ್‌ಐ 0.95ರ ಹತ್ತಿರ ಅಥವಾ ಹೆಚ್ಚು, ಆರ್‌ಎಮ್‌ಎಸ್‌ಇಎ 0.06ರ ಆಸುಪಾಸು ಅಥವಾ ಕಡಿಮೆ ಬಂದರೆ ಧೈರ್ಯದಿಂದ ವ್ಯಾಪಾರಕ್ಕೆ ನಂಟಿನ ಬಾಣ ಎಳೆಯಿರಿ. ಆದರೆ ಬಾಣ ಇದೆ ಅಂತ ಸುಮ್ನೆ ಅದೇ ಕಾರಣ ಅಂದುಬಿಡಬೇಡಿ. ವ್ಯಾಪಾರ ಜಾಸ್ತಿ ಆದವರಿಗೂ ಧೈರ್ಯ ಬರುತ್ತದೆ.