ಸಿಆರ್‌ಟಿ: ಕೈ ಎಡವುವ ಕಡೆಗಳಿಂದ ಕಟ್ಟಿದ ಸಂಶೋಧನೆಯ ಪಟ್ಟಿ

ಸಿಆರ್‌ಟಿ (ಕಾರ್ಡಿಯಾಕ್ ರಿಸಿಂಕ್ರನೈಸೇಶನ್ ಥೆರಪಿ) ಎಂದರೆ ಹೃದಯ ವೈಫಲ್ಯದವರಲ್ಲಿ ಹೃದಯದ ಎರಡೂ ಕುಕ್ಷಿಗಳು (ಕೆಳಕೋಣೆಗಳು) ಒಟ್ಟಿಗೆ ಹಿಂಡುವಂತೆ ಮಾಡುವ ಮೂರು ಲೀಡಿನ (ತಂತಿಯ) ಪೇಸ್‌ಮೇಕರ್. ಒಂದು ಲೀಡ್ ಬಲ ಹೃತ್ಕರ್ಣಕ್ಕೆ (ಮೇಲುಕೋಣೆಗೆ), ಒಂದು ಬಲ ಹೃತ್ಕುಕ್ಷಿಗೆ. ಮೂರನೆಯದು ಕೊರೊನರಿ ಸೈನಸ್ (ಹೃದಯದ ಸ್ವಂತ ದೊಡ್ಡ ಅಭಿಧಮನಿ) ಒಳಗಿಂದ ಹೋಗಿ ಎಡ ಹೃತ್ಕುಕ್ಷಿಯ ಹೊರಮೈಮೇಲಿನ ಅಭಿಧಮನಿಯಲ್ಲಿ ಕೂರುತ್ತದೆ. ಹಾಕಿಸಿಕೊಂಡವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ನಿರೀಕ್ಷಿಸಿದ ಗುಣ ಕಾಣುವುದಿಲ್ಲ ಎಂಬ ಮಾತು ಮೊದಲ ದೊಡ್ಡ ಪ್ರಯೋಗಗಳ ಕಾಲದಿಂದಲೂ ಕೇಳಿಬರುತ್ತಿದೆ. ಮುಂದಿನ ಸಂಶೋಧನೆ ಯಾವುದರ ಮೇಲೆ ಆಗಬೇಕು ಎಂದು ಪಟ್ಟಿ ಮಾಡಲು ಕೂತಾಗ ನಾವು ಸರಳ ದಾರಿ ಹಿಡಿದೆವು. ಇಸಿಜಿ ಓದುವಲ್ಲಿಂದ, ಸಾಧನ ಹಾಕಿದ ಆರು ತಿಂಗಳಿಗೆ ಮಾಡುವ ಎಕೋ (ಹೃದಯದ ಅಲ್ಟ್ರಾಸೌಂಡ್) ವರೆಗಿನ ಒಂದೊಂದು ಹಂತವನ್ನೂ ಬರೆದು, ಪಕ್ಕದಲ್ಲಿ ಎರಡು ಕಾಲಂ ಎಳೆದೆವು: ಇದು ಪುರಾವೆಯ ಮೇಲೆ ಮಾಡುತ್ತಿರುವುದೋ, ರೂಢಿಯ ಮೇಲೋ, ತಪ್ಪಿದರೆ ರೋಗಿಗೆ ಎಷ್ಟು ನಷ್ಟ. ಎರಡನೆಯ ಕಾಲಂ ತುಂಬಿದ ಹಾಗೆಲ್ಲ ಪ್ರಶ್ನೆಗಳ ಕ್ರಮ ತಾನಾಗಿ ಬದಲಾಯಿತು.

ಮೊದಲ ಹಂತ ಆಯ್ಕೆ. ಇಎಫ್ (ಪ್ರತಿ ಬಡಿತಕ್ಕೆ ಎಡ ಕುಕ್ಷಿ ಹೊರದೂಡುವ ರಕ್ತದ ಪಾಲು) 35% ಅಥವಾ ಕಡಿಮೆ, ಔಷಧಿ ಸರಿಯಾದ ಪ್ರಮಾಣದಲ್ಲಿ ಕನಿಷ್ಠ ಮೂರು ತಿಂಗಳು ನಡೆದರೂ ಏದುಸಿರು, ಎಲ್‌ಬಿಬಿಬಿ (ಎಡ ಕುಕ್ಷಿಗೆ ವಿದ್ಯುತ್ ಒಯ್ಯುವ ಎಡ ಕವಲಿನಲ್ಲಿ ತಡೆ), ಕ್ಯೂಆರ್‌ಎಸ್ (ಕುಕ್ಷಿಗಳಲ್ಲಿ ವಿದ್ಯುತ್ ಹರಡುವುದನ್ನು ತೋರುವ ಇಸಿಜಿ ಅಲೆ) 150 ಮಿಲಿಸೆಕೆಂಡ್ ಅಥವಾ ಹೆಚ್ಚು: ಈ ಗುಂಪಿನ ಬಗ್ಗೆ ತಕರಾರಿಲ್ಲ. 2005ರ ಕೇರ್-ಎಚ್‌ಎಫ್ ಪ್ರಯೋಗದಲ್ಲಿ 813 ರೋಗಿಗಳಲ್ಲಿ ಸಾವಿನ ಅಪಾಯ 36% ಇಳಿದದ್ದೇ ಈ ಚಿಕಿತ್ಸೆಯ ಬುನಾದಿ. 130ಕ್ಕಿಂತ ಕಿರಿದಾದ ಕ್ಯೂಆರ್‌ಎಸ್ ಇದ್ದವರಿಗೆ ಹಾಕಲೇಬಾರದು. 2013ರ ಎಕೋ-ಸಿಆರ್‌ಟಿ ಪ್ರಯೋಗದಲ್ಲಿ ಸಾಧನ ಚಾಲೂ ಮಾಡಿದ ಗುಂಪಿನಲ್ಲೇ ಸಾವು ಹೆಚ್ಚಾಯಿತು. ತಲೆನೋವು ಇರುವುದು ನಡುವಿನವರಲ್ಲಿ, ಅಂದರೆ 130ರಿಂದ 149ರವರೆಗೆ.

ಇಲ್ಲಿ ಯಂತ್ರ ಮುದ್ರಿಸಿದ ಅಂಕಿಯನ್ನು ನಾವು ನಂಬುವುದಿಲ್ಲ. ಇಸಿಜಿಯ 12 ಲೀಡನ್ನೂ (ಇವು ಸಾಧನದ ತಂತಿಗಳಲ್ಲ, ಹೃದಯವನ್ನು ನೋಡುವ 12 ಕೋನಗಳು) ಒಟ್ಟಿಗೆ ಇಟ್ಟು, ಎಲ್ಲಕ್ಕಿಂತ ಮೊದಲು ಶುರುವಾದ ಜಾಗದಿಂದ ಎಲ್ಲಕ್ಕಿಂತ ಕೊನೆಗೆ ಮುಗಿದ ಜಾಗಕ್ಕೆ ಕೈಯಿಂದಲೇ ಅಳೆಯುತ್ತೇವೆ. ಅಗಲ ಇದ್ದ ಮಾತ್ರಕ್ಕೆ ಎಲ್‌ಬಿಬಿಬಿ ಆಗುವುದಿಲ್ಲ. ಸ್ಟ್ರಾಸ್ ಮಾನದಂಡದ ಪ್ರಕಾರ ಗಂಡಸರಲ್ಲಿ ಕನಿಷ್ಠ 140, ಹೆಂಗಸರಲ್ಲಿ ಕನಿಷ್ಠ 130 ಇರಬೇಕು, ಜೊತೆಗೆ ವಿ1, ವಿ2, ವಿ5, ವಿ6, ಒಂದನೇ ಲೀಡ್, ಎವಿಎಲ್ ಇವುಗಳಲ್ಲಿ ಕನಿಷ್ಠ ಎರಡರಲ್ಲಿ ಕ್ಯೂಆರ್‌ಎಸ್ ನಡುವೆ ಗಂಟು ಇಲ್ಲವೇ ಎಳೆತ ಕಾಣಬೇಕು. ಗೋಡೆ ದಪ್ಪಗಾಗಿ ಕ್ಯೂಆರ್‌ಎಸ್ ಹಿಗ್ಗಿದ ಹೃದಯವನ್ನು ಎಲ್‌ಬಿಬಿಬಿ ಎಂದು ಬರೆದುಬಿಟ್ಟರೆ ಮುಂದೆ 'ಗುಣ ಕಾಣಲಿಲ್ಲ' ಎನ್ನುವ ಪಟ್ಟಿಗೆ ಒಬ್ಬರು ಸೇರಿದ ಹಾಗೆ.

ಹೆಂಗಸರ ಪ್ರಶ್ನೆ ನಮ್ಮ ಪಟ್ಟಿಯಲ್ಲಿ ಮೇಲಿದೆ. ಮೂರು ಪ್ರಯೋಗಗಳ 4,076 ರೋಗಿಗಳನ್ನು ಒಟ್ಟು ಮಾಡಿ ನೋಡಿದ 2014ರ ವಿಶ್ಲೇಷಣೆಯಲ್ಲಿ ಹೆಂಗಸರು ಸುಮಾರು 22% ಮಾತ್ರ. ಆದರೂ ಎಲ್‌ಬಿಬಿಬಿ ಜೊತೆ 130ರಿಂದ 149 ಇದ್ದ ಹೆಂಗಸರಿಗೆ ಸ್ಪಷ್ಟ ಲಾಭ ಕಂಡಿತು, ಅದೇ ಅಗಲದ ಗಂಡಸರಿಗೆ ಕಾಣಲಿಲ್ಲ. ಚಿಕ್ಕ ಹೃದಯಕ್ಕೆ 135 ಮಿಲಿಸೆಕೆಂಡ್ ದೊಡ್ಡ ವಿಳಂಬವೇ. ಹಾಗಿದ್ದರೆ ಐದು ಅಡಿ ಎತ್ತರದವರಿಗೂ ಆರಡಿಯವರಿಗೂ ಒಂದೇ ಗೆರೆ ಏಕೆ? ಕ್ಯೂಆರ್‌ಎಸ್ಸನ್ನು ಎತ್ತರಕ್ಕೋ ಕುಕ್ಷಿಯ ಗಾತ್ರಕ್ಕೋ ಹೊಂದಿಸಿ ಮುಂಚೆಯೇ ಯೋಜಿಸಿದ ಪ್ರಯೋಗ ಬೇಕು. ನಮ್ಮ ಕಡೆಯ ಹೆಂಗಸರ ಮೈಕಟ್ಟು ನೋಡಿದರೆ ಇದು ಪುಸ್ತಕದ ಪ್ರಶ್ನೆ ಅನ್ನಿಸುವುದಿಲ್ಲ.

ಇನ್ನೊಂದು ಪ್ರಶ್ನೆ ಆ 'ಮೂರು ತಿಂಗಳ' ಬಗ್ಗೆ. ಸಿಆರ್‌ಟಿಯ ದೊಡ್ಡ ಪ್ರಯೋಗಗಳು ನಡೆದಾಗ ಸಾಕ್ಯುಬಿಟ್ರಿಲ್-ವಾಲ್ಸಾರ್ಟಾನ್ ಇರಲಿಲ್ಲ, ಡಾಪಾಗ್ಲಿಫ್ಲೋಜಿನ್ ಹೃದಯದ ಔಷಧಿಯಾಗಿರಲಿಲ್ಲ. ಈಗ ನಾಲ್ಕು ಬಗೆಯ ಔಷಧಿ ಶುರುಮಾಡಿ ಪ್ರಮಾಣ ಏರಿಸುವಷ್ಟರಲ್ಲಿ ಮೂರು ತಿಂಗಳು ಆರಾಗುತ್ತದೆ. ಎಲ್‌ಬಿಬಿಬಿಯೇ ಕಾಯಿಲೆಯ ಮೂಲ ಆಗಿರುವವರಲ್ಲಿ ಔಷಧಿಯಿಂದ ಇಎಫ್ ಅಷ್ಟಾಗಿ ಏರುವುದಿಲ್ಲ. ಅವರನ್ನು ಕಾಯಿಸಬೇಕೇ, ಮೊದಲೇ ಹಾಕಬೇಕೇ? ಇದು ಕಷ್ಟದ ಪ್ರಯೋಗವೇನೂ ಅಲ್ಲ, ಯಾರಾದರೂ ಮಾಡಬೇಕು ಅಷ್ಟೆ.

ಎಕೋದಲ್ಲಿ ಗೋಡೆಗಳ ಚಲನೆಯ ಅಂತರ ಅಳೆದು ರೋಗಿಗಳನ್ನು ಆರಿಸುವ ಹೊಸಹೊಸ ಸೂಚ್ಯಂಕಗಳನ್ನು ಪಟ್ಟಿಯ ತಳಕ್ಕೆ ಇಳಿಸಿದ್ದೇವೆ. 2008ರ ಪ್ರಾಸ್ಪೆಕ್ಟ್ ಅಧ್ಯಯನ 498 ರೋಗಿಗಳಲ್ಲಿ ಹನ್ನೆರಡು ಎಕೋ ಅಳತೆಗಳನ್ನು ಪರೀಕ್ಷಿಸಿತು. ಆಯ್ಕೆಗೆ ನೆಚ್ಚಿಕೊಳ್ಳುವಂಥದ್ದು ಒಂದೂ ಸಿಗಲಿಲ್ಲ. ಅದೇ ನೀರನ್ನು ಮತ್ತೆ ಕಡೆಯುವುದರಲ್ಲಿ ನಮಗೆ ಆಸಕ್ತಿ ಇಲ್ಲ.

ಇನ್ನು ಸಾಧನ ಹಾಕುವ ಕೋಣೆ, ಅಂದರೆ ಕ್ಯಾಥ್ ಲ್ಯಾಬ್. ಎಡ ಭುಜದ ಕೆಳಗೆ ಆಕ್ಸಿಲರಿ ಅಭಿಧಮನಿಯಲ್ಲಿ ಮೂರು ಬೇರೆಬೇರೆ ಪಂಕ್ಚರ್ ಮಾಡುತ್ತೇವೆ. ಒಂದೇ ತೂತಿನಲ್ಲಿ ಮೂರನ್ನೂ ತುರುಕಿದರೆ ಒಂದು ಲೀಡ್ ತಿರುಗಿಸಿದಾಗ ಇನ್ನೊಂದು ಕದಲುತ್ತದೆ. ಬಲ ಹೃತ್ಕುಕ್ಷಿಯ ಲೀಡನ್ನು ಮೊದಲು ಹಾಕುವುದು ಒಳ್ಳೆಯದು. ಎಲ್‌ಬಿಬಿಬಿ ಇರುವವರಿಗೆ ಶೀತ್ (ಲೀಡ್ ಒಯ್ಯುವ ಕೊಳವೆ) ತಾಗಿ ಬಲ ಕವಲೂ ಕೈಕೊಟ್ಟರೆ ಪೂರ್ಣ ಹೃದಯ ತಡೆ, ಅಂದರೆ ಕುಕ್ಷಿಗಳಿಗೆ ವಿದ್ಯುತ್ ತಲುಪುವುದೇ ಇಲ್ಲ. ಆಗ ಆ ಲೀಡೇ ರಕ್ಷಣೆ. ಕೊರೊನರಿ ಸೈನಸ್ ಬಾಯಿ ಹುಡುಕಲು ಬಾಗಿಸಬಲ್ಲ ಕ್ಯಾಥೆಟರ್ ಬಳಸುತ್ತೇವೆ. ಒಳಹೊಕ್ಕ ಮೇಲೆ ಬಲೂನ್ ಉಬ್ಬಿಸಿ ಕಾಂಟ್ರಾಸ್ಟ್ (ಎಕ್ಸ್-ರೇಯಲ್ಲಿ ಕಾಣುವ ದ್ರವ) ಬಿಟ್ಟು, ಎಲ್‌ಎಒ (ಎಡ ಓರೆ) ಮತ್ತು ಆರ್‌ಎಒ (ಬಲ ಓರೆ) ಎರಡೂ ಕೋನದಲ್ಲಿ ಚಿತ್ರ. ಬಲೂನ್ ಉಬ್ಬಿಸುವ ಮೊದಲು ಒಂದು ಚೂರು ಕಾಂಟ್ರಾಸ್ಟ್ ಬಿಟ್ಟು ತುದಿ ಗೋಡೆಗೆ ಒತ್ತಿಲ್ಲ ಎಂದು ನೋಡಲೇಬೇಕು. ಒತ್ತಿದ್ದರೆ ಅಭಿಧಮನಿ ಸೀಳುತ್ತದೆ, ಕಾಂಟ್ರಾಸ್ಟ್ ಕಲೆಯ ಹಾಗೆ ಅಲ್ಲೇ ನಿಲ್ಲುತ್ತದೆ. ಅನೇಕ ಸಲ ನಿಜವಾದ ದಾರಿಯಲ್ಲಿ ವೈರ್ ಇಟ್ಟು ಮುಂದುವರಿಯಬಹುದು, ಆದರೆ ಹೃದಯದ ಸುತ್ತ ರಕ್ತ ಸೋರಿದೆಯೇ ಎಂದು ನೋಡಲು ಎಕೋ ಯಂತ್ರ ಕೋಣೆಯೊಳಗೇ ಇರಲಿ.

ಎಲ್‌ಎಒ ಚಿತ್ರವನ್ನು ಗಡಿಯಾರ ಎಂದುಕೊಂಡರೆ ನಾವು ಅರಸುವುದು ಮೂರರಿಂದ ಐದು ಗಂಟೆಯ ನಡುವಿನ ಕವಲು. ಆರ್‌ಎಒದಲ್ಲಿ ಹೃದಯದ ತುದಿಯ ಭಾಗ ಬೇಡ. ತುದಿಯಲ್ಲಿ ಲೀಡ್ ಕೂತವರ ಪಾಡು ಚೆನ್ನಾಗಿರಲಿಲ್ಲವೆಂದು ಮ್ಯಾಡಿಟ್-ಸಿಆರ್‌ಟಿ ಪ್ರಯೋಗದ ವಿಶ್ಲೇಷಣೆ ತೋರಿಸಿದೆ. 0.014 ಇಂಚಿನ ವೈರ್ ಮೇಲೆ ನಾಲ್ಕು ಧ್ರುವದ (ಪೇಸ್ ಮಾಡಬಲ್ಲ ನಾಲ್ಕು ಬಿಂದುಗಳ) ಲೀಡ್ ಇಳಿಸಿ, ಒಂದೊಂದು ಧ್ರುವದಲ್ಲೂ ಕ್ಯೂಆರ್‌ಎಸ್ ಆರಂಭದಿಂದ ಅಲ್ಲಿಗೆ ವಿದ್ಯುತ್ ಅಲೆ ತಲುಪುವ ಸಮಯ ಅಳೆಯುತ್ತೇವೆ. 95 ಮಿಲಿಸೆಕೆಂಡ್ ದಾಟಿದರೆ ಜಾಗ ಒಳ್ಳೆಯದು. 60 ಬಂದರೆ, ಲೀಡ್ ಎಷ್ಟೇ ಗಟ್ಟಿಯಾಗಿ ಕೂತಿದ್ದರೂ ಇನ್ನೊಂದು ಕವಲು ನೋಡುತ್ತೇವೆ. ನಂತರ 10 ವೋಲ್ಟ್ ಕೊಟ್ಟು ಹೊಟ್ಟೆಯ ಮೇಲೆ ಕೈ ಇಟ್ಟು ನೋಡುವುದು: ವಪೆಯನ್ನು ಆಡಿಸುವ ಫ್ರೆನಿಕ್ ನರ ಪಕ್ಕದಲ್ಲಿದ್ದರೆ ಪ್ರತಿ ಬಡಿತಕ್ಕೂ ಬಿಕ್ಕಳಿಕೆಯಂತೆ ಜಗ್ಗುತ್ತದೆ. ಮೇಜಿನ ಮೇಲೆ ಮಲಗಿದಾಗ ಇಲ್ಲದ್ದು ಮನೆಗೆ ಹೋಗಿ ಎಡಮಗ್ಗುಲಾದಾಗ ಶುರುವಾಗುವುದೂ ಉಂಟು. ನಾಲ್ಕು ಧ್ರುವದ ಲೀಡ್ ಇದ್ದರೆ ಪ್ರೋಗ್ರಾಮರ್‌ನಲ್ಲೇ ಧ್ರುವ ಬದಲಿಸಿದರೆ ಸಾಕು. ಕೊನೆಯ ಗಂಡಾಂತರ ಶೀತ್ ಸೀಳಿ ತೆಗೆಯುವಾಗ. ಲೀಡ್ ಹಿಡಿದ ಕೈ ಕದಲದೆ, ಸೀಳುವ ಕತ್ತಿಯೂ ನಿಂತಲ್ಲೇ ಇದ್ದು, ಶೀತ್ ಮಾತ್ರ ಹಿಂದಕ್ಕೆ ಬರಬೇಕು. ಎರಡು ಗಂಟೆಯ ಕೆಲಸ ಆ ಹತ್ತು ಸೆಕೆಂಡಿನಲ್ಲಿ ಹಾಳಾಗಬಲ್ಲದು.

ಇಷ್ಟೆಲ್ಲ ಮಾಡಿಯೂ ಕೆಲವರಲ್ಲಿ ಸರಿಯಾದ ಕವಲೇ ಇರುವುದಿಲ್ಲ, ಇದ್ದರೂ ಹಳೆಯ ಹೃದಯಾಘಾತದ ಕಲೆಯ ಮೇಲೆ ಹೋಗಿ ಕೂರುತ್ತದೆ. ತಿರುವನಂತಪುರದ ಹೃದಯ ವೈಫಲ್ಯ ನೋಂದಣಿಯಲ್ಲಿ 1,205 ರೋಗಿಗಳ ಸರಾಸರಿ ವಯಸ್ಸು 61, ಅವರಲ್ಲಿ 72% ಮಂದಿಗೆ ರಕ್ತನಾಳ ಕಟ್ಟಿಕೊಂಡ ಹೃದಯರೋಗ. ಅಂದರೆ ನಮ್ಮ ರೋಗಿಗಳಲ್ಲಿ ಕಲೆ ಸಾಮಾನ್ಯ. ಮೊದಲೇ ಎಂಆರ್‌ಐ ಮಾಡಿ ಕಲೆಯ ನಕ್ಷೆ ಇಟ್ಟುಕೊಂಡು ಲೀಡ್ ಹಾಕಿದರೆ ಸಾವು, ಮರುದಾಖಲಾತಿ ಇಳಿಯುತ್ತವೆಯೇ ಎಂಬುದಕ್ಕೆ ದೊಡ್ಡ ಪ್ರಯೋಗದ ಉತ್ತರ ಬೇಕು.

ಎಲ್ಲಕ್ಕಿಂತ ಮೇಲೆ ನಾವು ಬರೆದ ಪ್ರಶ್ನೆ ಎಡ ಕವಲಿನ (ಅಭಿಧಮನಿಯದಲ್ಲ, ವಿದ್ಯುತ್ ಒಯ್ಯುವ ಕವಲಿನ) ಪೇಸಿಂಗ್ ಕುರಿತದ್ದು. ಚೀನಾದ ಹುವಾಂಗ್ ವೈಜಿಯಾನ್ ತಂಡ 2017ರಲ್ಲಿ ವಿವರಿಸಿದ ಈ ವಿಧಾನದಲ್ಲಿ ಕೊರೊನರಿ ಸೈನಸ್‌ನ ಗೊಡವೆಯೇ ಇಲ್ಲ. ಹಿಸ್ (ವಿದ್ಯುತ್ ದಾರಿ ಎಡ, ಬಲ ಕವಲಾಗುವ ಮುಂಚಿನ ಕಟ್ಟು) ಜಾಗದಿಂದ ಒಂದು, ಒಂದೂವರೆ ಸೆಂಟಿಮೀಟರ್ ತುದಿಯ ಕಡೆಗೆ ಸರಿದು, ಪೇಸ್ ಮಾಡಿದಾಗ ವಿ1ರಲ್ಲಿ ಇಂಗ್ಲಿಷಿನ ಡಬ್ಲ್ಯು ಆಕಾರ ಕಂಡ ಕಡೆ, ನಡುಗೋಡೆಯೊಳಕ್ಕೆ ಲೀಡನ್ನು ತಿರುಪಿನಂತೆ ಕೊರೆಯುತ್ತೇವೆ. ನಾಲ್ಕೈದು ಸುತ್ತಿಗೊಮ್ಮೆ ನಿಲ್ಲಿಸಿ ಇಂಪಿಡೆನ್ಸ್ (ವಿದ್ಯುತ್ ಹರಿವಿಗೆ ಇರುವ ಅಡ್ಡಿ) ನೋಡಬೇಕು: ಒಳಹೋದಂತೆ ಏರುತ್ತದೆ, ಎಡಮೈ ಸಮೀಪಿಸಿದಾಗ ಇಳಿಯತೊಡಗುತ್ತದೆ. ಥಟ್ಟನೆ ಕುಸಿದರೆ ಆಚೆ ಕುಕ್ಷಿಗೆ ತೂತಾಗಿದೆ ಎಂದರ್ಥ, ಹೊರತೆಗೆದು ಬೇರೆ ಜಾಗ ಹಿಡಿಯಬೇಕು. ವಿ6ರಲ್ಲಿ ಆರ್ (ಮೇಲ್ಮುಖ) ಅಲೆಯ ಶಿಖರ ತಲುಪುವ ಸಮಯ ಎಲ್‌ಬಿಬಿಬಿ ಇರುವವರಲ್ಲಿ 80 ಮಿಲಿಸೆಕೆಂಡ್‌ಗಿಂತ ಕಡಿಮೆ ಇದ್ದು, ವೋಲ್ಟೇಜ್ ಇಳಿಸಿದಾಗ ಕ್ಯೂಆರ್‌ಎಸ್ ಆಕಾರ ಬದಲಾದರೆ ಕವಲು ಸಿಕ್ಕಿದೆ. ಇವು ಎರಡೂ ನೋಡದೆ, ವಿ1ರ ಕೊನೆಯಲ್ಲಿ ಆರ್ ಕಂಡಿತೆಂದು ಮುಗಿಸಿದರೆ ನೀವು ಪೇಸ್ ಮಾಡುತ್ತಿರುವುದು ಬರೀ ನಡುಗೋಡೆಯ ಸ್ನಾಯುವನ್ನು ಇರಬಹುದು. ನಡುಗೋಡೆಯಲ್ಲಿ ಕಲೆ ಇದ್ದವರಲ್ಲಿ ಲೀಡ್ ಕೊರೆಯುವುದೇ ಇಲ್ಲ, ಕೊರೆದರೂ ಕವಲು ಸಿಗುವುದಿಲ್ಲ.

ಈ ಪ್ರಶ್ನೆಗೆ ನಾವು ಮೊದಲ ಸ್ಥಾನ ಕೊಟ್ಟದ್ದು ಹಣದ ಲೆಕ್ಕದಿಂದ. ಎಡ ಕವಲಿನ ಪೇಸಿಂಗನ್ನು ಮಾಮೂಲಿ ಎರಡು ಲೀಡಿನ ಪೇಸ್‌ಮೇಕರ್‌ನಲ್ಲೇ ಮಾಡಬಹುದು. ಸಿಆರ್‌ಟಿ ಸಾಧನಕ್ಕೆ ಹೋಲಿಸಿದರೆ ಬೆಲೆ ಬಹಳ ಕಡಿಮೆ. ಜಮೀನು ಅಡವಿಟ್ಟು ಆಸ್ಪತ್ರೆಗೆ ಬರುವ ಮನೆಯವರಿಗೆ ಅದು ಚಿಕಿತ್ಸೆ ಸಿಗುವುದಕ್ಕೂ ಸಿಗದಿರುವುದಕ್ಕೂ ಇರುವ ವ್ಯತ್ಯಾಸ. ಪುರಾವೆ ಮಾತ್ರ ತೆಳು. 2022ರ ಎಲ್‌ಬಿಬಿಪಿ-ರಿಸಿಂಕ್ ಪ್ರಯೋಗದಲ್ಲಿ ಇಎಫ್ ಸಿಆರ್‌ಟಿಗಿಂತ ಹೆಚ್ಚು ಏರಿತು ನಿಜ, ಆದರೆ ಇದ್ದವರು 40 ರೋಗಿಗಳು, ಅದೂ ರಕ್ತನಾಳ ಕಟ್ಟದ ಹೃದಯದವರು. ಸಾವು ಮತ್ತು ಆಸ್ಪತ್ರೆ ದಾಖಲಾತಿಯನ್ನೇ ಅಳೆಯುವ ಲೆಫ್ಟ್ ವರ್ಸಸ್ ಲೆಫ್ಟ್ ಪ್ರಯೋಗ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಿಗೆಂದು ರೂಪಿಸಿದ್ದು, ಉತ್ತರ ಅಮೆರಿಕದಲ್ಲಿ ಕೈಗೊಂಡದ್ದು. ನಮ್ಮ ರೋಗಿಗಳ ಕಲೆ, ವಯಸ್ಸು, ಔಷಧಿಯ ಲಭ್ಯತೆ ಬೇರೆ. ಹಾಗಾಗಿ ಖರ್ಚನ್ನೂ ಫಲಿತಾಂಶವೆಂದು ಅಳೆಯುವ ಪ್ರಯೋಗ ಭಾರತದಲ್ಲೇ ಆಗಬೇಕು. ಲೀಡ್ ಹತ್ತು ವರ್ಷದ ಮೇಲೆ ತೆಗೆಯಬೇಕಾಗಿ ಬಂದರೆ ನಡುಗೋಡೆಯಿಂದ ಹೇಗೆ ಬರುತ್ತದೆ ಎಂಬುದನ್ನೂ ಅದರಲ್ಲೇ ಹಿಂಬಾಲಿಸಬೇಕು.

ಸಾಧನ ಹಾಕಿದ ಮೇಲಿನ ಕೆಲಸಕ್ಕೆ ಸಿಗುವ ಗಮನ ಕಡಿಮೆ, ಸೋರಿಕೆ ಹೆಚ್ಚು. ಎರಡೂ ಕುಕ್ಷಿಯ ಪೇಸಿಂಗ್ 98% ಮೇಲಿರಬೇಕು. ಸಾಧನ 99% ಎಂದು ತೋರಿಸಿದರೂ ನಾವು 12 ಲೀಡ್ ಇಸಿಜಿ ತೆಗೆಯದೆ ಬಿಡುವುದಿಲ್ಲ. ಹೃತ್ಕರ್ಣ ಕಂಪನ ಇರುವವರಲ್ಲಿ ಸ್ವಂತ ಬಡಿತವೂ ಪೇಸ್ ಆದ ಬಡಿತವೂ ಬೆರೆತು, ಲೆಕ್ಕಕ್ಕೆ ಪೇಸಿಂಗ್ ಆಗಿ, ಕೆಲಸಕ್ಕೆ ಆಗದೆ ಉಳಿಯುತ್ತವೆ. 2009ರಲ್ಲಿ ಅಂಥ 19 ರೋಗಿಗಳಿಗೆ 12 ಲೀಡ್ ಹೋಲ್ಟರ್ (ಮೈಮೇಲೆ ಹೊತ್ತು ಓಡಾಡುವ ಇಸಿಜಿ ಯಂತ್ರ) ಕಟ್ಟಿ ನೋಡಿದಾಗ, ಸಾಧನದ ಎಣಿಕೆ 90% ದಾಟಿದ್ದರೂ ಪರಿಣಾಮಕಾರಿ ಪೇಸಿಂಗ್ ಇದ್ದದ್ದು 9 ಮಂದಿಯಲ್ಲಿ ಮಾತ್ರ. ಪೇಸಿಂಗ್ ಹೀಗೆ ಕೆಲಸಕ್ಕೆ ಬಾರದವರಿಗೆ ಎವಿ ನೋಡ್ ಅಬ್ಲೇಶನ್ (ಹೃತ್ಕರ್ಣದಿಂದ ಕುಕ್ಷಿಗೆ ಹೋಗುವ ವಿದ್ಯುತ್ ದಾರಿಯನ್ನು ಸುಟ್ಟು ಕಡಿಯುವುದು) ಬೇಕಾಗುತ್ತದೆ. ಕುಕ್ಷಿಯಿಂದ ಬರುವ ಬಿಡಿ ಬಡಿತಗಳು ಹೆಚ್ಚಿದ್ದರೆ ಮೊದಲು ಅವನ್ನು ಹತೋಟಿಗೆ ತರಬೇಕು. ಇಸಿಜಿಯ ಒಂದನೇ ಲೀಡಿನಲ್ಲಿ ಕ್ಯೂ (ಮೊದಲ ಕೆಳಮುಖ ಅಲೆ) ಮಾಯವಾಗಿ, ವಿ1ರಲ್ಲಿ ಆರ್ ಹೋಗಿ ಬರೀ ಕೆಳಮುಖದ ಅಲೆ ಉಳಿದರೆ ಎಡ ಲೀಡ್ ಹಿಡಿತ ತಪ್ಪಿದೆಯೇ ಎಂದು ತಕ್ಷಣ ಥ್ರೆಶೋಲ್ಡ್ (ಸ್ನಾಯು ಸ್ಪಂದಿಸಲು ಬೇಕಾದ ಕನಿಷ್ಠ ವೋಲ್ಟೇಜ್) ನೋಡಬೇಕು.

ಎವಿ ಅಂತರವನ್ನು (ಹೃತ್ಕರ್ಣದ ಬಡಿತಕ್ಕೂ ಕುಕ್ಷಿಯ ಪೇಸಿಂಗಿಗೂ ನಡುವಿನ ಸಮಯವನ್ನು) ಎಲ್ಲರಿಗೂ ಎಕೋ ಇಟ್ಟು ತಿದ್ದುವುದನ್ನು ನಿಲ್ಲಿಸಿದ್ದೇವೆ; 2010ರ ಸ್ಮಾರ್ಟ್-ಎವಿ ಪ್ರಯೋಗದಲ್ಲಿ 980 ರೋಗಿಗಳಲ್ಲಿ ಅದರಿಂದ ಹೆಚ್ಚುವರಿ ಪ್ರಯೋಜನ ಸಿಗಲಿಲ್ಲ. ಸಹಜ ಬಡಿತದ ಮೇಲೆ 100ರಿಂದ 120 ಮಿಲಿಸೆಕೆಂಡ್ ಇಟ್ಟು, ಗುಣ ಕಾಣದವರಲ್ಲಿ ಮಾತ್ರ ತಿದ್ದುತ್ತೇವೆ.

ಪಟ್ಟಿ ಮಾಡುವಾಗ ನಮ್ಮಲ್ಲೇ ಜಗಳ ಹತ್ತಿದ್ದು 'ಗುಣ' ಎಂದರೇನು ಎಂಬುದಕ್ಕೆ. ಎಡ ಕುಕ್ಷಿಯ ಕೊನೆ-ಸಂಕೋಚನ ಗಾತ್ರ (ಹಿಂಡಿ ಮುಗಿದಾಗಿನ ಗಾತ್ರ) 15% ಇಳಿದರೆ ಗುಣ ಎನ್ನುವುದು ರೂಢಿ. ಆದರೆ ವರ್ಷಕ್ಕೆ ಮೂರು ಸಲ ದಾಖಲಾಗುತ್ತಿದ್ದವರು ಸಾಧನ ಹಾಕಿದ ಮೇಲೆ ಗಾತ್ರ ಇದ್ದಷ್ಟೇ ಇದ್ದು ಮನೆಯಲ್ಲೇ ಉಳಿದರೆ, ಅವರನ್ನು ವಿಫಲರ ಕಾಲಂಗೆ ಹಾಕುವುದು ನ್ಯಾಯವೇ? ಕೆಡುತ್ತಿದ್ದ ಹೃದಯ ನಿಂತಲ್ಲೇ ನಿಂತದ್ದನ್ನೂ ಬೇರೆ ಗುಂಪಾಗಿ ಎಣಿಸಬೇಕೆಂದು ತೀರ್ಮಾನಿಸಿ, ಆರು ತಿಂಗಳ ನಮೂನೆಯಲ್ಲಿ ಈಗ ಮೂರು ಮನೆ ಇಟ್ಟಿದ್ದೇವೆ: ಸುಧಾರಿಸಿತು, ನಿಂತಿತು, ಕೆಟ್ಟಿತು.