ಬೆಟ್ಟ, ಬೇಣ, ಜಿಂಕೆ: ಬೇಟೆಗೆ ಎಡೆಗೊಡದಂತೆ ನಾನು ನೋಡಿಕೊಳ್ಳುವ ಬಗೆ

ಶಿರಸಿ ಸೀಮೆಯಲ್ಲಿ ಜಿಂಕೆ, ಕಡವೆ, ಕಾಡುಕುರಿ (ಬೊಗಳುವ ಜಿಂಕೆ) ಯಾವ ಹೊತ್ತಿಗೆ ಎಲ್ಲಿ ನಿಲ್ಲುತ್ತವೆ ಎನ್ನುವುದು ಬಹುಪಾಲು ನಮ್ಮ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಬೇಣ (ಹುಲ್ಲುಗಾವಲು) ಇವುಗಳ ಆರೈಕೆಯ ಮೇಲೆ ನಿಂತಿದೆ. ಕಳ್ಳಬೇಟೆಯವನು ಕಾಯುವುದೂ ಅಲ್ಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇವುಗಳ ಬೇಟೆ ನಿಷಿದ್ಧ. ಉರುಳು ಒಡ್ಡುವುದೂ, ಆಸೆ ತೋರಿಸಿ ಕರೆಯುವುದೂ ಬೇಟೆಯೇ. ಹುಲ್ಲು, ನೀರು ಒಂದೇ ಮೂಲೆಯಲ್ಲಿದ್ದರೆ ಕಾಯ್ದೆ ಇದ್ದೂ ಪ್ರಾಣಿ ಉಳಿಯುವುದಿಲ್ಲ. ಹಾಗಾಗಿ ನಾನು ಎಲ್ಲವನ್ನೂ ಹರಡಿ ಇಡುತ್ತೇನೆ.

ಮೊದಲ ಮಾತು ಬೆಂಕಿಯದು. ಬೇಸಿಗೆಯಲ್ಲಿ ಬೇಣ ಸುಟ್ಟರೆ ಬುಡದಿಂದ ಎಳೆ ಹುಲ್ಲು ಚಿಗುರುತ್ತದೆ, ಸುತ್ತೆಲ್ಲ ಒಣಗಿರುವಾಗ ಜಿಂಕೆಗಳೆಲ್ಲ ಆ ಒಂದೇ ಬಯಲಿಗೆ ಬರುತ್ತವೆ. ಮರೆಯಿಲ್ಲದ ಬಯಲು, ಬಂದೂಕಿನವನಿಗೆ ಅದೇ ಬೇಕು. ಮೇಲಾಗಿ ನೆಲ್ಲಿ, ಕವಲು, ಮತ್ತಿಯ ಸಸಿಗಳೂ ಸುಟ್ಟುಹೋಗುತ್ತವೆ. ಜನವರಿ ಮುಗಿಯುವುದರೊಳಗೆ ಗಡಿಯುದ್ದಕ್ಕೂ 10 ಅಡಿ ಅಗಲ ದರಕು (ಒಣಗಿದ ಎಲೆ) ಗುಡಿಸಿ ಬೆಂಕಿ ದಾಟದಂತೆ ಮಾಡುತ್ತೇನೆ. ಗಾಳಿಗೆ ಎಲೆ ಮತ್ತೆ ತುಂಬುವುದರಿಂದ ಮಾರ್ಚ್‌ನಲ್ಲಿ ಇನ್ನೊಮ್ಮೆ ಗುಡಿಸಲೇಬೇಕು. ಕರಡ (ಒಣಹುಲ್ಲು) ಕೊಯ್ಯುವಾಗ ಬೇಣವನ್ನೆಲ್ಲ ಬೋಳಿಸುವುದಿಲ್ಲ. 20 ಅಡಿ ಕೊಯ್ದು 10 ಅಡಿ ಬಿಡುವ ಪಟ್ಟೆ. ಬಿಟ್ಟ ಹುಲ್ಲಿನಲ್ಲಿ ಮರಿ ಅಡಗುತ್ತದೆ, ದೂರದಿಂದ ಗುರಿ ಇಡುವವನಿಗೆ ನೋಟ ಕಡಿಯುತ್ತದೆ.

ಹುಲ್ಲನ್ನು ನುಂಗುವುದು ಯುಪಟೋರಿಯಂ ಮತ್ತು ಲಂಟಾನ ಎಂಬ ಕಳೆಗಿಡಗಳು. ಯುಪಟೋರಿಯಂ ಬೀಜ ಗಾಳಿಯಲ್ಲಿ ಹಾರುತ್ತದೆ, ಹೂ ಬಂದಮೇಲೆ ಕಡಿದರೆ ನಾವೇ ಬಿತ್ತಿದಂತೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಮಣ್ಣು ಹಸಿ ಇರುವಾಗ, ಬೇರುಸಹಿತ ಕೀಳಬೇಕು. ಲಂಟಾನವನ್ನು ನೆಲಮಟ್ಟಕ್ಕೆ ಕತ್ತರಿಸಿದರೆ ದುಪ್ಪಟ್ಟು ಚಿಗುರುತ್ತದೆ. ತಾಯಿಬೇರನ್ನು ಮಣ್ಣಿನೊಳಗೆ ಎರಡು ಇಂಚು ಕೆಳಗೆ ಕಡಿದು ಬುಡವನ್ನು ತಲೆಕೆಳಗಾಗಿ ಒಣಗಲು ಬಿಡುತ್ತೇನೆ. ಮುಂದಿನ ಎರಡು ಮಳೆಗಾಲ ಬೀಜದ ಸಸಿ ಕೀಳದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಇಡೀ ಬೆಟ್ಟವನ್ನು ಒಮ್ಮೆಲೇ ತೆರವು ಮಾಡುವುದೂ ತಪ್ಪು: ಕಾಡುಕುರಿಗೆ ಪೊದೆ ಬೇಕೇ ಬೇಕು. ವರ್ಷಕ್ಕೆ ಅರ್ಧ ಎಕರೆ ಸಾಕು.

ಸೊಪ್ಪು ಕಡಿಯುವಾಗ ಮರದ ತುದಿಯ ಮೂರನೇ ಒಂದು ಭಾಗ ಬಿಡಬೇಕು. ನೆಲ್ಲಿ, ನೇರಳೆ, ಅತ್ತಿಯನ್ನು ಮುಟ್ಟುವುದೇ ಬೇಡ. ಬೇಸಿಗೆಯಲ್ಲಿ ಬಿದ್ದ ಹಣ್ಣು, ಕವಲಿನ ಹೂವು ಈ ಪ್ರಾಣಿಗಳಿಗೆ ದೊಡ್ಡ ಆಸರೆ. ಅಕೇಶಿಯಾ ನೆಡುತೋಪಿನಡಿ ತಿನ್ನುವಂಥದ್ದು ಹೆಚ್ಚು ಹುಟ್ಟುವುದಿಲ್ಲ. ಅಲ್ಲಿ ಹಸಿದದ್ದು ನೇರ ಗದ್ದೆಗೆ ಬರುತ್ತದೆ.

ನೀರಿನದು ಸೂಕ್ಷ್ಮ. ಒಂದು ದೊಡ್ಡ ಹೊಂಡಕ್ಕಿಂತ ಮೂರು ನಾಲ್ಕು ಚಿಕ್ಕವು ಲೇಸು, 2-3 ಅಡಿ ಆಳ, ಒಂದು ಬದಿ ಇಳಿಜಾರು. ಕಡಿದಾದ ದಡವಿದ್ದರೆ ಬಿದ್ದ ಮರಿ ಹತ್ತಲಾರದು. ರಸ್ತೆಯಿಂದ ಕಾಣುವಲ್ಲಿ ಬೇಡ, ಟಾರ್ಚು ಹಿಡಿದವರಿಗೆ ಕಣ್ಣಿನ ಹೊಳಪು ಸಿಗುತ್ತದೆ. ಸೊಪ್ಪಿನ ಬೆಟ್ಟ ಅರಣ್ಯಭೂಮಿ, ಅಗೆಯುವ ಮೊದಲು ಇಲಾಖೆಯ ಅನುಮತಿ ಪಡೆಯಿರಿ. ಉಪ್ಪು ಇಡಲೇಬೇಡಿ. ಪ್ರೀತಿಯಿಂದ ಇಟ್ಟರೂ ಕಳ್ಳನಿಗೆ ಅದು ಸಿದ್ಧ ಜಾಗ. ದನಗಳೂ ಅಲ್ಲೇ ನೆಕ್ಕಿದರೆ ರೋಗ ಹರಡುವ ಭಯ ಬೇರೆ.

ಬೇಲಿಯಲ್ಲಿ ಸಿಕ್ಕಿಯೂ ಸಾಯುತ್ತವೆ. ಕರಾವಳಿಯಿಂದ ತಂದ ಹಳೆ ಮೀನುಬಲೆ ಗದ್ದೆಗೆ ಅಗ್ಗದ ಬೇಲಿ, ಆದರೆ ಕೊಂಬು ಸಿಕ್ಕಿದ ಗಂಡು ಬಿಡಿಸಿಕೊಳ್ಳಲಾರದು. ಅದರ ಬದಲು 4-5 ಅಡಿ ಅಂತರದಲ್ಲಿ ಎರಡು ಸಾಲು ಗಿಡಬೇಲಿ: ಇಳಿಯುವ ಜಾಗ ಕಾಣದಿದ್ದರೆ ಹಾರಲು ಹಿಂಜರಿಯುತ್ತವೆ. ಕೊಂಬು ಉಜ್ಜುವುದರಿಂದ ಎಳೆ ಅಡಿಕೆಯ ಕಾಂಡ ಸೀಳುತ್ತದೆ, ಸುತ್ತ ಮೂರು ಬಿದಿರು ಗೂಟ ಊರಿದರೆ ಸಾಕು.

ಬೇಲಿಯಲ್ಲಿ ಒಂದೇ ಒಂದು ಕಂಡಿ ಉಳಿಯುವುದು ತೀರ ಅಪಾಯ. ಬೈಕಿನ ಕ್ಲಚ್ ವೈರಿನ ಉರುಳು ಬೀಳುವುದು ಅಲ್ಲೇ. ಅದನ್ನು ಹುಡುಕಲು ಪ್ರಾಣಿಯ ಎತ್ತರಕ್ಕೆ ಬಗ್ಗಿ ನೋಡಬೇಕು, ನಿಂತು ನೋಡಿದರೆ ಕಾಣುವುದಿಲ್ಲ. ಹೊಸದಾಗಿ ಊರಿದ ಗೂಟ, ದಾರಿಯ ಎರಡೂ ಬದಿಗೆ ಅಡ್ಡವಿಟ್ಟ ಕಡಿದ ಟೊಂಗೆ, ಇವೇ ಗುರುತು. ಸಿಕ್ಕರೆ ಮುಟ್ಟದೆ ಫೋಟೊ ತೆಗೆದು ಅರಣ್ಯ ಇಲಾಖೆಯ ಗಾರ್ಡಿಗೆ ತಿಳಿಸಿ, ಆ ಕಂಡಿಯ ಆಚೀಚೆ ನೂರು ಅಡಿ ಮತ್ತೆ ಹುಡುಕಿ. ಇಂಥವನ್ನು ಒಂದೇ ಹಾಕಿ ಹೋಗುವವರು ಕಡಿಮೆ.