ಬೇಕಾಯಿತು, ಬೇಕಿತ್ತು, ಇರಬೇಕು: ಇಂಗ್ಲಿಷ್‌ನಲ್ಲಿ ಹೇಳುವುದು ಹೇಗೆ?

‘ನಿನ್ನೆ ನಾನು ಬೇಗ ಹೋಗಬೇಕಾಯಿತು.’ ಇದನ್ನು ಇಂಗ್ಲಿಷ್‌ನಲ್ಲಿ ಹೇಳಿ ನೋಡಿ. ‘ಬೇಕು’ ಅಂದರೆ ‘ಮಸ್ಟ್’ ಅಂತ ಕಲಿತದ್ದು ಮೊದಲು ನೆನಪಿಗೆ ಬರುತ್ತದೆ. ಅದನ್ನು ನಿನ್ನೆಗೆ ಒಯ್ಯುವುದು ಹೇಗೆ ಅಂತ ಹುಡುಕುತ್ತಾ ಮಾತು ಅಲ್ಲೇ ನಿಂತುಬಿಡುತ್ತದೆ, ಅಲ್ವಾ? ತಪ್ಪು ನಿಮ್ಮದಲ್ಲ. ಮಸ್ಟ್‌ಗೆ ಭೂತಕಾಲದ ರೂಪವೇ ಇಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ಅದೇ ಒಂದು ಭೂತಕಾಲದ ರೂಪವಾಗಿತ್ತು, ಕಾಲ ಕಳೆದಂತೆ ಜನ ಅದನ್ನು ಈಗಿನ ಮಾತಿಗೆ ಬಳಸತೊಡಗಿದರು, ಅದು ಹಾಗೇ ಉಳಿಯಿತು.

ಸಮಾಧಾನದ ವಿಷಯ ಅಂದರೆ, ಇಲ್ಲಿ ಬೇಕಾದ ವ್ಯತ್ಯಾಸಗಳಲ್ಲಿ ಹೆಚ್ಚಿನವು ಕನ್ನಡದಲ್ಲಿ ಆಗಲೇ ಇವೆ. ‘ಬೇಕು’ ಪದದ ಬಾಲ ಹೇಗೆ ಬದಲಾಗುತ್ತದೆ ಅಂತ ಕಿವಿಗೊಟ್ಟು ಕೇಳಿದರೆ ಸಾಕು.

ಮೊದಲು, ಅದು ಆಸೆಯೋ ಕರ್ತವ್ಯವೋ ನೋಡಿ. ‘ನನಗೆ ಚೆನ್ನಾಗಿ ಈಜಲು ಕಲಿಯಬೇಕು’ ಅಂದರೆ ಸಾಮಾನ್ಯವಾಗಿ ಆಸೆ, ಅದಕ್ಕೆ ‘ಐ ವಾಂಟ್ ಟು’. ‘ನಾನು ಈಗ ಹೊರಡಬೇಕು’ ಅಂದರೆ ಕರ್ತವ್ಯ. ಅಲ್ಲಿ ‘ಐ ಮಸ್ಟ್ ಗೋ’ ಅಥವಾ ‘ಐ ಹ್ಯಾವ್ ಟು ಗೋ’. ಮಸ್ಟ್‌ನಲ್ಲಿ ಹೇಳುವವರ ಒತ್ತಾಯ ಜಾಸ್ತಿ, ಹ್ಯಾವ್ ಟು ಅಂದಾಗ ಕಾರಣ ಹೊರಗಿನದು. ದಿನನಿತ್ಯದ ಮಾತಿನಲ್ಲಿ ಈ ಗೆರೆ ತೆಳ್ಳಗಿದೆ, ಹಾಗಾಗಿ ಅನುಮಾನ ಬಂದರೆ ಹ್ಯಾವ್ ಟು ಬಳಸಿ. ಮಸ್ಟ್ ನಂತರ ‘ಟು’ ಬರುವುದಿಲ್ಲ ಅನ್ನುವುದು ಮಾತ್ರ ನೆನಪಿರಲಿ. ‘ಮಾಡಿದರೆ ಒಳ್ಳೆಯದು’ ಅನ್ನುವ ಸಲಹೆಗೆ ಶುಡ್ ಇದೆ.

ಈಗ ಭೂತಕಾಲ. ಜಾಸ್ತಿ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ಪ್ರತಿ ಸಲವೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಕೆಲಸ ನಡೆಯಿತಾ, ಇಲ್ವಾ?

‘ಬಸ್ ತಪ್ಪಿತು, ನಡೆದೇ ಹೋಗಬೇಕಾಯಿತು.’ ಕೆಲಸ ನಡೆದಿದೆ. ಆದ್ದರಿಂದ ‘ಐ ಹ್ಯಾಡ್ ಟು ವಾಕ್’. ‘ನಾನು ನಿನಗೆ ಫೋನ್ ಮಾಡಬೇಕಿತ್ತು.’ ಇಲ್ಲಿ ಮಾಡಿಲ್ಲ, ಅದು ಮನಸ್ಸಿನಲ್ಲಿ ಚುಚ್ಚುತ್ತಿದೆ. ಆಗ ‘ಐ ಶುಡ್ ಹ್ಯಾವ್ ಕಾಲ್ಡ್ ಯೂ’. ಇನ್ನು ‘ಅವಳು ಹೊರಟಿರಬೇಕು’ ಅಂದಾಗ ಕರ್ತವ್ಯದ ಮಾತೇ ಇಲ್ಲ, ಅದು ಬರೀ ಊಹೆ. ‘ಶಿ ಮಸ್ಟ್ ಹ್ಯಾವ್ ಲೆಫ್ಟ್’.

ಬೇಕಾಯಿತು, ಬೇಕಿತ್ತು, ಇರಬೇಕು. ಕನ್ನಡದಲ್ಲಿ ಈ ಮೂರನ್ನು ನಾವು ಎಂದೂ ಅದಲುಬದಲು ಮಾಡುವುದಿಲ್ಲ. ಆದರೆ ಇಂಗ್ಲಿಷ್‌ಗೆ ಬಂದ ಕೂಡಲೇ, ಕ್ಷಮೆ ಕೇಳುವ ಕಾಗದದಲ್ಲಿ ಎಷ್ಟೋ ಜನ ‘ಐ ಮಸ್ಟ್ ಹ್ಯಾವ್ ಕಾಲ್ಡ್ ಯೂ’ ಅಂತ ಬರೆಯುತ್ತಾರೆ. ಓದಿದವರಿಗೆ ಅದು ‘ನಾನು ಫೋನ್ ಮಾಡಿರಬೇಕು, ಸರಿಯಾಗಿ ನೆನಪಿಲ್ಲ’ ಅನ್ನುವಂತೆ ಕೇಳಿಸುತ್ತದೆ. ಮನಸಾರೆ ಕೇಳಿದ ಕ್ಷಮೆ ಒಂದೇ ಪದದಿಂದ ಹಾಳಾದರೆ ಬೇಜಾರಲ್ವಾ? ನನಗಂತೂ ಈ ಒಂದು ತಪ್ಪನ್ನು ಎಲ್ಲರೂ ತಿದ್ದಿಕೊಳ್ಳಲಿ ಅನಿಸುತ್ತದೆ.

‘ಬೇಕಿತ್ತು’ ಪದಕ್ಕೆ ಇನ್ನೊಂದು ಮುಖವೂ ಇದೆ. ‘ರೈಲು ಹತ್ತು ಗಂಟೆಗೆ ಬರಬೇಕಿತ್ತು’ ಅಂದರೆ ಯಾರ ತಪ್ಪನ್ನೂ ಹೇಳುತ್ತಿಲ್ಲ, ಹಾಗೆ ನಿಗದಿಯಾಗಿತ್ತು ಅಷ್ಟೇ. ಅಲ್ಲಿ ‘ವಾಸ್ ಸಪೋಸ್ಡ್ ಟು’ ಚೆನ್ನಾಗಿ ಕೂರುತ್ತದೆ. ಮಾತಿನಲ್ಲಿ ‘ಸಪೋಸ್ ಟು’ ಅಂತ ಕೇಳಿಸಿದರೂ ಬರೆಯುವಾಗ ಕೊನೆಯ ‘ಡ್’ ಬಿಡಬೇಡಿ.

ಭವಿಷ್ಯತ್ ಕಾಲ ಸುಲಭ. ‘ಹೋಗಬೇಕಾಗುತ್ತದೆ’ ಅಂದರೆ ‘ವಿಲ್ ಹ್ಯಾವ್ ಟು ಗೋ’, ‘ಹೋಗಬೇಕಾಗಬಹುದು’ ಅಂದರೆ ‘ಮೈಟ್ ಹ್ಯಾವ್ ಟು ಗೋ’. ‘ವಿಲ್ ಮಸ್ಟ್’ ಅಂತ ಎರಡನ್ನೂ ಜೋಡಿಸಲು ಬರುವುದಿಲ್ಲ. ‘ಈ ವಾರ ಮೂರು ಸಲ ಹೋಗಬೇಕಾಗಿ ಬಂದಿದೆ’ ಅನ್ನಲು ‘ಐ ಹ್ಯಾವ್ ಹ್ಯಾಡ್ ಟು ಗೋ’. ಹ್ಯಾವ್, ಹ್ಯಾಡ್ ಒಟ್ಟಿಗೆ ಬಂದವಲ್ಲ ಅಂತ ಹೆದರಬೇಡಿ, ಅದು ಸರಿಯೇ.

ಇನ್ನು ‘ಇಲ್ಲ’ ಸೇರಿಸಿದಾಗ ಏನಾಗುತ್ತದೆ? ‘ಮಸ್ಟ್ ನಾಟ್’ ಅಂದರೆ ‘ಮಾಡಬಾರದು’. ‘ಡೋಂಟ್ ಹ್ಯಾವ್ ಟು’ ಅಂದರೆ ‘ಮಾಡಬೇಕಾಗಿಲ್ಲ’. ಮಾತ್ರೆಯ ಬಗ್ಗೆ ಹೇಳುವಾಗ ಇವೆರಡು ಅದಲುಬದಲಾದರೆ ಏನಾಗಬಹುದು ಯೋಚಿಸಿ. ಒಂದು ತಗೊಳ್ಳಲೇಬೇಡಿ ಅನ್ನುತ್ತದೆ, ಇನ್ನೊಂದು ನಿಮ್ಮಿಷ್ಟ ಅನ್ನುತ್ತದೆ. ಭೂತಕಾಲದಲ್ಲಿ ‘ಮಾಡಬಾರದಿತ್ತು’ ಅನ್ನಲು ‘ಶುಡಂಟ್ ಹ್ಯಾವ್’ ಜೊತೆ ಕ್ರಿಯಾಪದದ ಮೂರನೇ ರೂಪ ಬರುತ್ತದೆ. ‘ಮಾಡಬೇಕಾಗಿ ಬರಲಿಲ್ಲ’ ಅನ್ನಲು ‘ಡಿಡಂಟ್ ಹ್ಯಾವ್ ಟು’. ‘ಡಿಡಂಟ್ ಹ್ಯಾಡ್ ಟು’ ಅಲ್ಲ, ಯಾಕೆಂದರೆ ಕಾಲವನ್ನು ‘ಡಿಡ್’ ಆಗಲೇ ಹೇಳಿಬಿಟ್ಟಿದೆ.

ಒಂದು ಕಡೆ ಮಾತ್ರ ಕನ್ನಡದ ಬಾಲ ಕೈಕೊಡುತ್ತದೆ. ‘ನೀನು ಅಡುಗೆ ಮಾಡಬೇಕಿರಲಿಲ್ಲ’ ಅಂದರೆ ಮಾಡಿದ್ದೋ ಮಾಡದೇ ಇದ್ದದ್ದೋ ಅಂತ ಸಂದರ್ಭದಿಂದಲೇ ತಿಳಿಯಬೇಕು. ಸುಮ್ನೆ ಕಷ್ಟಪಟ್ಟು ಮಾಡಿದ್ದರೆ ‘ಯೂ ನೀಡಂಟ್ ಹ್ಯಾವ್ ಕುಕ್ಡ್’ ಅನ್ನಿ. ಆಗ ಅನುಮಾನ ಉಳಿಯುವುದಿಲ್ಲ.

ಈಗ ಎಲ್ಲವನ್ನೂ ಸೇರಿಸಿ ಒಮ್ಮೆ ಪ್ರಯತ್ನಿಸಿ: ‘ನಾನು ನಿನ್ನೆ ಬರಬೇಕಿತ್ತು, ಆದರೆ ಅಮ್ಮನ ಜೊತೆ ಇರಬೇಕಾಯಿತು. ನೀನು ತುಂಬಾ ಹೊತ್ತು ಕಾದಿರಬೇಕು. ನಾಳೆ ನೀನು ಕಾಯಬೇಕಾಗುವುದಿಲ್ಲ.’ ಮೊದಲು ನೀವೇ ಬರೆಯಿರಿ, ಆಮೇಲೆ ಹೋಲಿಸಿ ನೋಡಿ: ‘ಐ ಶುಡ್ ಹ್ಯಾವ್ ಕಮ್ ಯೆಸ್ಟರ್‌ಡೇ, ಬಟ್ ಐ ಹ್ಯಾಡ್ ಟು ಸ್ಟೇ ವಿತ್ ಮೈ ಮದರ್. ಯೂ ಮಸ್ಟ್ ಹ್ಯಾವ್ ವೇಟೆಡ್ ಎ ಲಾಂಗ್ ಟೈಮ್. ಯೂ ವೋಂಟ್ ಹ್ಯಾವ್ ಟು ವೇಟ್ ಟುಮಾರೋ.’